ಅಚ್ಚುಕಟ್ಟಾಗಿ ಮುಚ್ಚಿದ ಮೋರಿ

ದಸರಾ ಮುಗಿದ ಮೇಲಿನ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಕೆರೆ ಬಂದಿತ್ತು.

ಕೆರೆಯ ನೀರಲ್ಲ, ಕೆರೆಯೇ! ಜೊಂಡು, ಕಪ್ಪೆ, ಬೆರಳುದ್ದದ ಮೀನು, ಯಾರದೋ ಒಂಟಿ ಹವಾಯಿ ಚಪ್ಪಲಿ, ಎಲ್ಲ ಸಂಸಾರ ಸಮೇತ. ಬೆಲ್ ಒತ್ತಲಿಲ್ಲ, ಗೇಟು ತಟ್ಟಲಿಲ್ಲ. ಉಂಡು ಟಿ.ವಿ. ಮುಂದೆ ಕಾಲು ಚಾಚಿ ತೂಕಡಿಸುತ್ತಿದ್ದ ನನಗೆ ಪಾದ ತಣ್ಣಗಾದಾಗಲೇ ಎಚ್ಚರ. ಕಣ್ಣು ಬಿಟ್ಟರೆ ಬೆಳಗಿನ ಪೇಪರು ತೇಲಿಕೊಂಡು ಅಡುಗೆಮನೆಯ ಕಡೆ ಹೊರಟಿದೆ.

"ಏನ್ರೀ, ನೋಡ್ಕೋತ ಕುಂತೀರಲ್ಲ, ಬಕೆಟ್ ತಗೊಳ್ರಿ!" ಎಂದು ನನ್ನ ಹೆಂಡತಿ ಗಿರಿಜಾ ಕೂಗಿದಳು. (ನಾವು ರಾಣೆಬೆನ್ನೂರು ಕಡೆಯವರು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ಗಾಬರಿಯಾದಾಗ ಊರಿನ ಮಾತೇ ಬರುತ್ತದೆ.)

ಚೊಂಬಿನಲ್ಲಿ ಮೊಗೆದು ಮೊಗೆದು ಬಕೆಟ್ ತುಂಬಿಸಿದೆವು. ತುಂಬಿದ ಬಕೆಟ್ ಹಿಡಿದು ಬಾಗಿಲಿಗೆ ಹೋದ ಗಿರಿಜಾ ಅಲ್ಲೇ ನಿಂತಳು. ಬೀದಿಯಲ್ಲಿ ಮೊಣಕಾಲುದ್ದ ನೀರು.

"ಎಲ್ಲಿ ಚೆಲ್ಲಲ್ರೀ ಇದನ್ನ?"

ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಬಾಯಿ ಬಿಡಲಿಲ್ಲ ಅಷ್ಟೇ. ಚೆಲ್ಲಬೇಕಾದ ಜಾಗ ನಮ್ಮ ಕಾಂಪೌಂಡಿನ ಪಕ್ಕದಲ್ಲೇ ಇತ್ತು, ಎರಡು ವರ್ಷದ ಹಿಂದಿನವರೆಗೆ. ಅದನ್ನು ಮುಚ್ಚಿಸಿದವನು ನಾನೇ.

ಈ ಅಂಕಣದ ಹಳೆಯ ಓದುಗರಿಗೆ ನೆನಪಿರಬಹುದು. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ನೀರಿನ ಪ್ರಯಾಣದ ಬಗ್ಗೆ ಬರೆದಿದ್ದೆ. ಬಂಗಾಳ ಕೊಲ್ಲಿಯ ನೀರು ಬಿಸಿಲಿಗೆ ಆವಿಯಾಗಿ, ಉಪ್ಪನ್ನು ಸಮುದ್ರಕ್ಕೇ ಬಿಟ್ಟು ಮೇಲೇಳುತ್ತದೆ. ಮೋಡವಾಗಿ ಗಾಳಿಯ ಜೊತೆ ಬಂದು ಹಿಂಗಾರಿನಲ್ಲಿ ನಮ್ಮ ಬೊಮ್ಮನಹಳ್ಳಿಯ ಮೇಲೆ ಸುರಿಯುತ್ತದೆ. ಒಂದಷ್ಟು ನೆಲಕ್ಕೆ ಇಂಗುತ್ತದೆ, ಒಂದಷ್ಟನ್ನು ಗಿಡಮರ ಕುಡಿದು ಎಲೆಯಿಂದ ಮತ್ತೆ ಗಾಳಿಗೆ ಬಿಡುತ್ತವೆ. ಉಳಿದದ್ದು ಕೆರೆಯಿಂದ ಕೆರೆಗೆ ಇಳಿದು, ದಕ್ಷಿಣ ಪಿನಾಕಿನಿ ಸೇರಿ, ತಮಿಳುನಾಡು ದಾಟಿ, ಹೊರಟ ಕೊಲ್ಲಿಗೇ ವಾಪಸ್! ಹೊಸ ನೀರು ಅಂತ ಒಂದಿಲ್ಲ, ನಿಮ್ಮ ಲೋಟದಲ್ಲಿರುವುದು ನಿಮ್ಮ ಮುತ್ತಜ್ಜ ಸ್ನಾನ ಮಾಡಿದ ನೀರೇ ಇರಬಹುದು ಎಂದೆಲ್ಲ ಬರೆದು ಭೇಷ್ ಅನ್ನಿಸಿಕೊಂಡಿದ್ದೆ. ಇನ್‌ಲ್ಯಾಂಡ್ ಲೆಟರ್‌ಗಳು ಬಂದವು. ಒಬ್ಬ ಮೇಷ್ಟ್ರು ಕ್ಲಾಸಿನಲ್ಲಿ ಓದಿ ಹೇಳಿದರಂತೆ. (ಒಬ್ಬರು ಮಾತ್ರ ಮುತ್ತಜ್ಜನ ವಿಷಯಕ್ಕೆ ಬೇಜಾರಾಗಿ, ನಿಮ್ಮ ಮನೆಗೆ ಬಂದರೆ ನೀರು ಮುಟ್ಟುವುದಿಲ್ಲ ಎಂದು ಬರೆದಿದ್ದರು.)

ಅದೇ ವಾರ, ಅದೇ ಪೆನ್ನಿನಿಂದ, ನಾನು ಇನ್ನೊಂದನ್ನೂ ಬರೆದೆ. ಅದೊಂದು ಅರ್ಜಿ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ಆ ಬದನೆಕಾಯಿಯ ಕಥೆಯನ್ನು ಇವತ್ತು ಹೇಳಿಬಿಡುತ್ತೇನೆ.

ನಮ್ಮ ಲೇಔಟು ಇರುವುದು ಹೊಸೂರು ರೋಡಿನಿಂದ ಒಳಗೆ, ಬೊಮ್ಮನಹಳ್ಳಿಗೂ ಹೆಬ್ಬಗೋಡಿಗೂ ನಡುವೆ. ಹೆಸರು ಬೇಡ, ಸೈಟಿನ ರೇಟು ಬಿದ್ದುಹೋಯಿತು ಅಂತ ಅಕ್ಕಪಕ್ಕದವರು ಬೈತಾರೆ. ಎಂಟು ವರ್ಷದ ಹಿಂದೆ ಸೈಟು ನೋಡಲು ಬಂದಾಗ ಕಣ್ಣು ಹಾಯಿಸಿದಷ್ಟೂ ಹಸಿರು ಹುಲ್ಲು. ಒಂದು ಕಡೆ ಮೇಲಿನ ಕೆರೆಯ ಏರಿ, ಇನ್ನೊಂದು ಕಡೆ ತಗ್ಗಿನಲ್ಲಿ ಕೆಳಗಿನ ಕೆರೆ. ನಾನು ನಿಂತಿದ್ದ ದಾರಿಯಲ್ಲೇ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಹೆಂಗಸೊಬ್ಬಳು ಬಂದಳು. ಪಕ್ಕದ ಹಳ್ಳಿಯವಳು, ಹೆಸರು ಪಿಳ್ಳಮ್ಮ. ಬ್ರೋಕರ್ ಮಾತಿಗಿಂತ ಊರವರ ಮಾತು ಮೇಲು ಅಂತ ಅವಳನ್ನೇ ಕೇಳಿದೆ.

"ಜಾಗ ಹೇಗಮ್ಮ ಇದು?"

"ಇದು ಅಚ್ಚುಕಟ್ಟು ಸಾಮಿ" ಎಂದಳು.

ಆಹಾ! ಎಷ್ಟು ಖುಷಿಯಾಯಿತು ಅಂತೀರಿ! ಓದು ಬರಹ ಬಾರದ ಹೆಂಗಸಿನ ಬಾಯಲ್ಲಿ ಎಂಥ ಪದ! ನಾವಾದರೆ 'ನೀಟಾಗಿದೆ' ಅನ್ನುತ್ತಿದ್ದೆವು. "ಹೌದಮ್ಮ, ಬಲು ಅಚ್ಚುಕಟ್ಟು" ಎಂದು ನಕ್ಕು, ಅವತ್ತೇ ಅಡ್ವಾನ್ಸ್ ಕೊಟ್ಟು ಬಂದೆ. ಅವಳು ಯಾಕೆ ಹಾಗೆ ನನ್ನ ಮುಖ ನೋಡಿದಳು ಎಂದು ಆಗ ಯೋಚಿಸಲಿಲ್ಲ.

ಕೆರೆಯ ತೂಬು ತೆಗೆದಾಗ ನೀರು ಹರಿದು ಬರುವ ಗದ್ದೆ ಜಮೀನಿಗೂ ಅಚ್ಚುಕಟ್ಟು ಎಂದೇ ಹೆಸರು. ನನಗೆ ಗೊತ್ತಿಲ್ಲದ್ದೇನಲ್ಲ. ಪೇಪರಿನಲ್ಲಿ 'ಅಚ್ಚುಕಟ್ಟು ಪ್ರದೇಶ' ಎಂದು ದಿನ ಬೆಳಗಾದರೆ ಓದುವವನೇ. ಆದರೆ ಅದು ದೊಡ್ಡ ದೊಡ್ಡ ಡ್ಯಾಮಿನ ಕೆಳಗಿನ ಮಾತು, ಥರ್ಟಿ ಫಾರ್ಟಿ ಸೈಟಿಗೆ ಅದು ಯಾಕೆ ಬರಬೇಕು? ಇಲ್ಲಿಗೆ ನೀರು ಬರುತ್ತದೆ ಎಂದು ಪಿಳ್ಳಮ್ಮ ಹೇಳಿದ್ದಳು. ನಾನು ಅದನ್ನು ಸರ್ಟಿಫಿಕೇಟ್ ಅಂತ ಕೇಳಿಸಿಕೊಂಡಿದ್ದೆ.

ಮನೆ ಕಟ್ಟಿದೆವು. ಪಿಳ್ಳಮ್ಮ ದಿನಾ ಬೆಳಿಗ್ಗೆ ಏಳಕ್ಕೆ ಬರತೊಡಗಿದಳು. ದಂಟು, ಮೆಂತ್ಯ, ಸಬ್ಬಸಿಗೆ, ಕೀರೆ. ಕಟ್ಟು ಬಿಚ್ಚಿದರೆ ಬೇರಿನ ಮಣ್ಣು ಇನ್ನೂ ಒದ್ದೆ. ಕೆಳಗಿನ ಕೆರೆಯ ಏರಿಯ ಹಿಂದೆ ಅವಳ ಪಾಲಿಗೆ ಒಂದು ತುಂಡು ಜಮೀನು, ಅದರಲ್ಲೊಂದು ಕಲ್ಲು ಕಟ್ಟಿದ ಬಾವಿ, ಕೆರೆ ತುಂಬಿದರೆ ಅದರ ಒರತೆಗೆ ತಾನೂ ತುಂಬುವಂಥದ್ದು. ಅವಳ ಮಾವ ಆ ಊರಿನ ನೀರುಗಂಟಿಯಾಗಿದ್ದನಂತೆ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನಿಗಾ ಇಡುವ ಕೆಲಸ. ಗದ್ದೆಗಳೆಲ್ಲ ನಮ್ಮಂಥವರ ಮನೆಗಳಾದ ಮೇಲೆ ನೀರುಗಂಟಿಗೆ ಇನ್ನೇನು ಕೆಲಸ? ಮಾವ ಹೋದ, ಬಾವಿ ಉಳಿಯಿತು, ಬಾವಿಯ ಮೇಲೆ ಸೊಸೆಯ ಸೊಪ್ಪು ನಡೆಯುತ್ತಿತ್ತು.

ಇನ್ನು ಆ ಅರ್ಜಿಯ ವಿಷಯ.

ನಮ್ಮ ಕಾಂಪೌಂಡಿಗೆ ತಾಗಿಕೊಂಡು ಒಂದು ಕಾಲುವೆ ಇತ್ತು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದಾಗ, ಅಂದರೆ ಹೆಚ್ಚಾದ ನೀರು ಹೊರಗೆ ಹರಿದಾಗ, ಅದನ್ನು ಕೆಳಗಿನ ಕೆರೆಗೆ ಒಯ್ಯುವ ದಾರಿ. ವರ್ಷದಲ್ಲಿ ಒಂಬತ್ತು ತಿಂಗಳು ಒಣಗಿರುತ್ತಿತ್ತು. ಒಣ ತಗ್ಗು ಕಂಡರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಮೊದಲು ತೆಂಗಿನ ಚಿಪ್ಪು ಬಿತ್ತು, ಆಮೇಲೆ ಪ್ಲಾಸ್ಟಿಕ್ ಕವರು, ಆಮೇಲೆ ಬಚ್ಚಲಿನ ಪೈಪು. (ನಮ್ಮ ಮನೆಯದೂ. ಯಾಕೆ ಸುಳ್ಳು ಹೇಳಲಿ?) ಸೊಳ್ಳೆ ಶುರುವಾಯಿತು, ನಾತ ಶುರುವಾಯಿತು. ಹೊಲಸು ಮಾಡಿದವರೂ ನಾವೇ, ಹೊಲಸು ಅಂತ ಮೂಗು ಮುಚ್ಚಿಕೊಂಡವರೂ ನಾವೇ.

ಅಸೋಸಿಯೇಷನ್ ಸಭೆ ಸೇರಿತು. ಅಧ್ಯಕ್ಷರು ಶಿವಲಿಂಗಪ್ಪನವರು, ಬ್ಯಾಂಕಿನಿಂದ ರಿಟೈರ್ ಆದವರು. "ಸಾರ್, ಪೇಪರ್‌ನಲ್ಲಿ ಬರೆಯೋರು ನೀವು. ಅರ್ಜಿ ನಿಮ್ಮ ಕೈಯಲ್ಲೇ ಆಗ್ಬೇಕು. ಓದಿದ ಆಫೀಸರ್ ಎದ್ದು ಬಂದು ನಿಲ್ಬೇಕು ನೋಡಿ, ಹಾಗೆ ಬರೀರಿ" ಎಂದರು. ಹೊಗಳಿದರೆ ಉಬ್ಬದ ಬರಹಗಾರ ಇನ್ನೂ ಹುಟ್ಟಬೇಕು. ಮರುದಿನ ಬೆಳಿಗ್ಗೆಯೇ ವರಾಂಡದಲ್ಲಿ ಕೂತು ಬರೆಯತೊಡಗಿದೆ.

ಆಗಲೇ ಪಿಳ್ಳಮ್ಮ ಬಂದಳು. ಏನು ಬರೀತಿದ್ದೀರಿ ಎಂದು ಕೇಳಿದಳು.

"ಈ ಮೋರಿ ಮುಚ್ಚಿಸೋಕೆ ಅರ್ಜಿ ಕಣಮ್ಮ."

ಬುಟ್ಟಿ ಇಳಿಸುತ್ತಿದ್ದವಳು ಹಾಗೇ ನಿಂತಳು. "ಅದು ಮೋರಿ ಅಲ್ಲ ಸಾಮಿ. ಕಾಲುವೆ."

"ಎರಡೂ ಒಂದೇ ಅಲ್ವಾ?"

"ಒಂದೇ ಎಂಗಾದಾತು ಸಾಮಿ? ಮೋರಿ ನಾವ್ ಮಾಡ್ಕಂಡಿದ್ದು. ಕಾಲುವೆ ನೀರಿಂದು."

ಸೊಪ್ಪಿನವಳ ಜೊತೆ ಶಬ್ದಾರ್ಥ ಚರ್ಚೆ ಮಾಡಲು ನನಗೆ ಪುರುಸೊತ್ತೆಲ್ಲಿ? ನಾನು ಕೆಲಸ ಮಾಡುವ ಫ್ಯಾಕ್ಟರಿಯ ಬಸ್ಸಿಗೆ ಹೊತ್ತಾಗಿತ್ತು. "ಆಯ್ತಮ್ಮ, ಎರಡು ಕಟ್ಟು ಮೆಂತ್ಯ ಕೊಡು" ಎಂದು ಬರೆಯುವುದನ್ನು ಮುಂದುವರಿಸಿದೆ. ಆ ಅರ್ಜಿಯ ಕೊನೆಯ ಸಾಲು ನನಗೆ ಇವತ್ತಿಗೂ ಬಾಯಿಪಾಠ. 'ಸಾರ್ವಜನಿಕರ ಆರೋಗ್ಯಕ್ಕೆ ಮಾರಕವಾಗಿರುವ ಸದರಿ ಮೋರಿಯನ್ನು ತಾವು ದಯಮಾಡಿ ಅಚ್ಚುಕಟ್ಟಾಗಿ ಮುಚ್ಚಿಸಿಕೊಡಬೇಕಾಗಿ ವಿನಂತಿ.'

ನೋಡಿ, ಒಂದೇ ಸಾಲು. ಅದರಲ್ಲಿ ಪಿಳ್ಳಮ್ಮನ ಬಾಯಿಂದ ಕೇಳಿದ್ದ ಎರಡು ಪದ. ಎರಡೂ ತಪ್ಪು.

ಸರ್ಕಾರಿ ಕೆಲಸ ಯಾವತ್ತಾದರೂ ಬೇಗ ಆಗಿದ್ದುಂಟೇ? ಇದು ಆಯಿತು! ಮೂರೇ ತಿಂಗಳಲ್ಲಿ ಲಾರಿ ಲಾರಿ ಕಟ್ಟಡದ ಕಸ ಬಂದು ಬಿತ್ತು, ರೋಲರ್ ಓಡಿತು, ಮೇಲೆ ಡಾಂಬರು. ತೆಂಗಿನಕಾಯಿ ಒಡೆದೆವು. ನನಗೊಂದು ಹಾರ ಹಾಕಿದರು. ಮೈಸೂರ್ ಪಾಕ್ ಹಂಚಿದರು. ಅದೇ ದಾರಿಯಲ್ಲಿ ಬಂದ ಪಿಳ್ಳಮ್ಮನ ಕೈಗೂ ಒಂದು ತುಂಡು ಇಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟುಹೋದಳು.

ಹೋದ ವರ್ಷದ ಹಿಂಗಾರಿನಲ್ಲಿ ಮೇಲಿನ ಕೆರೆಯ ಕೋಡಿ ನೀರು ದಾರಿ ಕಾಣದೆ ಲೇಔಟಿನ ಖಾಲಿ ಸೈಟುಗಳಲ್ಲಿ ನಿಂತು ಒಣಗಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೆಳಗಿನ ಕೆರೆ ತುಂಬಲಿಲ್ಲ. ಅದನ್ನು ನೋಡಲು ನಾವು ಆ ಕಡೆ ಹೋದದ್ದಾದರೂ ಯಾವಾಗ? ನಮಗೆ ಕಂಡದ್ದು ಸೊಪ್ಪಿನ ಕಟ್ಟು ಮಾತ್ರ. ಅದು ಸಣ್ಣದಾಗುತ್ತಾ ಬಂತು. "ಇದೇನ್ ಪಿಳ್ಳಮ್ಮ, ಹೆಬ್ಬೆಟ್ಟಿನಷ್ಟು ಕಟ್ಟು! ಹಿಂಗಾದ್ರ ಹೆಂಗ?" ಎಂದು ಗಿರಿಜಾ ರೇಗುತ್ತಿದ್ದಳು. ಪಿಳ್ಳಮ್ಮ ಇನ್ನಷ್ಟು ದಂಟು ಸೇರಿಸುತ್ತಿದ್ದಳು. ಈ ಯುಗಾದಿಯ ಹೊತ್ತಿಗೆ ಅವಳು ಬರುವುದೇ ನಿಂತುಹೋಯಿತು. ಹಳ್ಳಿಯವರಿಗೆಲ್ಲ ಬಾಡಿಗೆ ಮನೆ ಆಯಿತು, ಇನ್ನು ಬುಟ್ಟಿ ಯಾಕೆ ಹೊರುತ್ತಾರೆ ಎಂದು ನಾವೇ ಮಾತಾಡಿಕೊಂಡು, ಬೊಮ್ಮನಹಳ್ಳಿಯ ಅಂಗಡಿಯಿಂದ ಸೊಪ್ಪು ತರತೊಡಗಿದೆವು.

ಕೆರೆ ಮನೆಗೆ ಬಂದುಹೋದ ಮರುದಿನ ಬೆಳಿಗ್ಗೆ, ಆರು ತಿಂಗಳ ಮೇಲೆ, ಪಿಳ್ಳಮ್ಮ ಬಾಗಿಲಲ್ಲಿ ನಿಂತಿದ್ದಳು. ಬುಟ್ಟಿ ಇರಲಿಲ್ಲ.

"ಕೋಡಿ ಬಿತ್ತಂತಲ್ಲ ಸಾಮಿ! ನಿಮ್ಮನೆಗಂಟ ನೀರು ಬಂತಂತಲ್ಲ!"

ನಾನು ಗೋಡೆ ತೋರಿಸಿದೆ. ನೀರು ಇಳಿದ ಮೇಲೆ ಹಾಲಿನ ಸುತ್ತ ಗೇಣುದ್ದದ ಎತ್ತರಕ್ಕೆ ಕೆಸರಿನ ಗೆರೆ ಉಳಿದಿತ್ತು. ಪಿಳ್ಳಮ್ಮ ಬಗ್ಗಿ ಆ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ಒಂದು ಗೋಡೆ, ಇನ್ನೊಂದು ಗೋಡೆ, ಹಾಗೇ ಮುಟ್ಟುತ್ತಾ ಹೋದಳು.

"ಇಡೀ ಬೀದೀಲಿ ಇಷ್ಟು ನಿಂತಿತ್ತಾ ಸಾಮಿ?"

"ಬೀದಿಯಲ್ಲಿ ಇನ್ನೂ ಜಾಸ್ತಿ."

"ನಮ್ ಬಾವೀಗೆ ಒಂದ್ ಬೊಗಸೆ ಬರ್ಲಿಲ್ಲ" ಎಂದಳು.

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು ಗಿರಿಜಾ ಜೊತೆ ಕೂತು ಕೆಸರು ಬಳಿಯತೊಡಗಿದಳು. ಗಿರಿಜಾ ಅದನ್ನು ಹೊರಗೆ ಎಸೆಯಲು ಹೋದರೆ ತಡೆದಳು. "ಬಿಸಾಕ್ಬೇಡಿ ಅಕ್ಕ, ಇದು ಕೆರೆ ಗೋಡು. ಗಿಡಕ್ಕೆ ಆಕಿ, ಎಂಗೆ ಬತ್ತದೆ ನೋಡಿ." ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನಿನ್ನ ಬಾವಿ ತೋರಿಸು ಬಾ ಪಿಳ್ಳಮ್ಮ ಎಂದೆ.

ಇಷ್ಟು ವರ್ಷ ಆ ಬಾವಿಯ ನೀರಿನ ಸೊಪ್ಪು ತಿಂದಿದ್ದೆ. ಬಾವಿಯನ್ನು ನೋಡಿದ್ದು ಅದೇ ಮೊದಲು. ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಒಳಗೆ ಇಳಿಯಲು ಕಲ್ಲಿನ ಮೆಟ್ಟಿಲು. ಎಣಿಸಿದೆ, ಹತ್ತೊಂಬತ್ತು. ಎಲ್ಲವೂ ಒಣಗಿದ್ದವು. ತಳದಲ್ಲಿ ಒಂದು ಮುರುಕು ಬುಟ್ಟಿ ಬಿದ್ದಿತ್ತು. ಶನಿವಾರ ರಾತ್ರಿಯೆಲ್ಲ ಮಳೆ ಹೊಯ್ದ ಊರಿನಲ್ಲಿ!

"ದೀಪಾವಳಿ ಒತ್ಗೆ ಮೂರ್ನೇ ಮೆಟ್ಲು ಮುಳುಗಿರೋದು ಸಾಮಿ. ನಮ್ ಮಾವ ಅಲ್ಲೇ ಕುಂತ್ಕಂಡು ನೀರಾಗೆ ಕಾಲ್ ಇಳಿಬಿಡೋನು" ಎಂದಳು. ಆಮೇಲೆ ಒಣ ಮಡಿಗಳ ಕಡೆ ಕೈ ತೋರಿಸಿದಳು. "ಬೆಳಿಗ್ಗೆ ಬಂದ್ರೆ ಸೊಪ್ಪಿನ್ ಮ್ಯಾಲೆ ಒಗೆ ತರ ಆವಿ ಆಡೋದು. ಕುಡ್ದಿದ್ದನ್ನ ವಾಪಸ್ ಕೊಡ್ತಾ ಅವೆ ಅನ್ನೋನು ನಮ್ ಮಾವ."

ನಾನು ಒಂದು ಇಡೀ ಅಂಕಣದಲ್ಲಿ ಹೇಳಿ ಭೇಷ್ ಅನ್ನಿಸಿಕೊಂಡದ್ದನ್ನು ಆ ನೀರುಗಂಟಿ ಒಂದು ವಾಕ್ಯದಲ್ಲಿ ಮುಗಿಸಿದ್ದ. ಅವನು ಹೇಳಿದ್ದು ಸೊಪ್ಪಿನ ಎದುರು ನಿಂತು. ನಾನು ಬರೆದದ್ದು ಕಾಲುವೆಗೆ ಬೆನ್ನು ಹಾಕಿ ಕೂತು. ನಾಚಿಕೆಯಾಯಿತು.

ಅವಳ ಕಷ್ಟ ಆಗ ಪೂರ್ತಿ ತಿಳಿಯಿತು. ಜಮೀನು ಅವಳ ಮೈದುನನ ಜೊತೆ ಜಂಟಿ. ಅವನಿಗೆ ಹೆಬ್ಬಗೋಡಿಯಲ್ಲಿ ಸಾಲು ಬಾಡಿಗೆ ಮನೆಗಳಿವೆ, ಫ್ಯಾಕ್ಟರಿ ಹುಡುಗರು ತುಂಬಿಕೊಂಡಿದ್ದಾರೆ. ದೀಪಾವಳಿಗೆ ಬಾವಿಯಲ್ಲಿ ನೀರು ನಿಂತರೆ ಸರಿ, ಇಲ್ಲದಿದ್ದರೆ ಲೇಔಟ್ ಮಾಡುವವರಿಗೆ ಕೊಟ್ಟುಬಿಡೋಣ ಎಂದು ಗಡುವು ಹಾಕಿದ್ದನಂತೆ.

ಸಮಾಧಾನ ಹೇಳಲು ಹೋಗಿ ನಾನೊಂದು ಪೆದ್ದು ಮಾತಾಡಿದೆ. "ನಿನಗೂ ಒಳ್ಳೇದೇ ಅಲ್ವಾ ಪಿಳ್ಳಮ್ಮ? ನಿನ್ನ ಪಾಲಿನ ಸೈಟಲ್ಲಿ ಮನೆ ಕಟ್ಟಿಸು, ಬಾಡಿಗೆ ಬರುತ್ತೆ."

"ಬಾಡ್ಗೆ ಬತ್ತದೆ ಸಾಮಿ" ಎಂದಳು. "ಬೆಳಿಗ್ಗೆ ಎದ್ದು ನಾನೇನ್ ಮಾಡ್ಲಿ?"

ಅವಳೇ ಮುಂದುವರಿಸಿದಳು. "ಸಾಮಿ, ಮುಚ್ಚೋಕೆ ಬರ್ಕೊಟ್ಟೋರು ನೀವೇ ಅಲ್ವಾ? ತೆಗೆಯೋಕೂ ನೀವೇ ಒಂದ್ ಬರ್ಕೊಟ್ಬುಡಿ. ನಿಮ್ ಬರವಣಿಗೇಗೆ ಕೆಲ್ಸ ಆಯ್ತದೆ. ನಾನೇ ನೋಡಿವ್ನಲ್ಲ."

ಅಂದರೆ ಈಕೆಗೆ ಎಲ್ಲ ನೆನಪಿದೆ. ಕಾಲುವೆ ಮುಚ್ಚಿದ ಮೇಲೂ ವರ್ಷಕ್ಕೂ ಹೆಚ್ಚು ಕಾಲ ದಿನಾ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು, ಬತ್ತುತ್ತಿದ್ದ ಬಾವಿಯ ಸೊಪ್ಪನ್ನು ಕೊಟ್ಟು ಹೋಗಿದ್ದಾಳೆ. ಯಾಕೆ ಒಂದು ಮಾತೂ ಆಡಲಿಲ್ಲ ಎಂದು ಕೇಳಿದೆ. "ಕೇಳಾನ ಅಂತಿದ್ದೆ ಸಾಮಿ. ಅಕ್ಕ ನಿಂತ್ಕಂಡು ಮಕ್ಕಳು ಮರಿ ಅಂತ ಚೆನ್ನಾಗ್ ಮಾತಾಡ್ಸೋರು, ಬಾಯಿ ಬರ್ಲಿಲ್ಲ" ಎಂದಳು.

ಅವತ್ತೇ ಕೂತು ಬರೆದೆ. 'ಕಾಲುವೆ' ಎಂದು ಹನ್ನೊಂದು ಕಡೆ. 'ಮೋರಿ' ಎಂದು ಒಂದು ಕಡೆಯೂ ಇಲ್ಲ. ನೀರು ಸಮುದ್ರದಿಂದ ಬರುವುದು, ಕೆರೆಯಿಂದ ಕೆರೆಗೆ ಹೋಗುವುದು, ನಡುವೆ ಒಂದು ಕೊಂಡಿ ಕಳಚಿದರೆ ಮೇಲಿನವರಿಗೆ ಪ್ರವಾಹ, ಕೆಳಗಿನವರಿಗೆ ಬರ, ಎಲ್ಲ ವಿವರಿಸಿದೆ. ಸಹಿಗೆ ಶಿವಲಿಂಗಪ್ಪನವರ ಹತ್ತಿರ ಹೋದೆ. ಅವರ ಮನೆಗೂ ನೀರು ನುಗ್ಗಿತ್ತು, ಸೋಫಾ ಬಿಸಿಲಿಗೆ ಇಟ್ಟಿದ್ದರು. ಓದಿ ಕನ್ನಡಕ ತೆಗೆದರು. "ಏನ್ ಸಾರ್ ನೀವು, ಮತ್ತೆ ಮೋರಿ ತೋಡ್ತಾರಾ ಯಾರಾದ್ರೂ? ಎಲ್ಲಾ ಮನೆಗೂ ಹೊಸಿಲು ಒಂದಡಿ ಏರಿಸ್ಕೊಂಡ್ರೆ ಆಯ್ತು ಬಿಡಿ" ಎಂದರು. ಹೊಸಿಲು ಏರಿಸಿದರೆ ನೀರು ಎಲ್ಲಿಗೆ ಹೋಗಬೇಕು ಎಂದು ನಾನು ಕೇಳಿದೆ. ಅದು ನಮ್ಮ ಲೇಔಟಿನ ಪ್ರಾಬ್ಲಂ ಅಲ್ಲ ಎಂದರು. ತಪ್ಪು ಅವರದಲ್ಲ. ಎರಡು ವರ್ಷದ ಹಿಂದೆ ನಾನೂ ಅದನ್ನೇ, ಒಳ್ಳೆಯ ಕನ್ನಡದಲ್ಲಿ, ಬರೆದಿದ್ದೆ.

ಒಬ್ಬನೇ ಸಹಿ ಹಾಕಿ, ಮೊದಲಿನ ಅರ್ಜಿ ಕೊಟ್ಟಿದ್ದ ಕಚೇರಿಗೇ ಹೋದೆ. ಒಮ್ಮೆ ಅಲ್ಲ, ಮೂರು ಸಲ. ಮೂರನೇ ಸಲ ಗುಮಾಸ್ತರೊಬ್ಬರು ಹಳೆಯ ಫೈಲು ಹುಡುಕಿ ತಂದರು. ಒಳ್ಳೆಯ ಮನುಷ್ಯ. ನನ್ನ ಮೊದಲ ಅರ್ಜಿ ಕಂಡೊಡನೆ ಅವರ ಮುಖ ಅರಳಿತು.

"ಓ, ಇದನ್ನ ಬರೆದಿದ್ದು ನೀವೇನಾ ಸಾರ್? ಏನ್ ಭಾಷೆ ಸಾರ್! ನಮ್ಮ ಸೆಕ್ಷನ್‌ನಲ್ಲಿ ಎಲ್ಲರಿಗೂ ಓದಿ ಹೇಳಿದ್ದೆ. ಅರ್ಜಿ ಅಂದ್ರೆ ಹಿಂಗಿರ್ಬೇಕು ಅಂತ."

ನಾನು ಹೊಸ ಅರ್ಜಿಯನ್ನು ಮುಂದೆ ತಳ್ಳಿದೆ. ಓದಿ ತಲೆ ಕೆರೆದುಕೊಂಡರು. "ಅಲ್ಲ ಸಾರ್, ಅಲ್ಲಿದ್ದಿದ್ದು ಮೋರಿ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ. ನಾವೂ ಮೋರಿ ಅಂತಲೇ ಕ್ಲೋಸ್ ಮಾಡಿದೀವಿ. ಕಾಲುವೆ ಅಂದಿದ್ರೆ ಸರ್ವೆಯವರು ಬರ್ಬೇಕಿತ್ತು, ನಕ್ಷೆ ನೋಡ್ಬೇಕಿತ್ತು, ನಾವು ಮುಟ್ತಾನೇ ಇರ್ಲಿಲ್ಲ. ಈಗ ಫೈಲಲ್ಲಿ ಇಲ್ದೇ ಇರೋ ಕಾಲುವೆನ ಎಲ್ಲಿಂದ ತೆಗೆಯೋದು ಹೇಳಿ?"

ಒಂದು ಪದ ಸ್ವಾಮಿ, ಒಂದೇ ಪದ! ಬರೆದು ಮುಗಿಸುವ ಮುಂಚೆಯೇ ತಿದ್ದಿಕೊಟ್ಟವಳು ಎದುರಿಗೇ ನಿಂತಿದ್ದಳು. ಪ್ರೂಫ್ ತಿದ್ದುವವರ ಮೇಲೆ ವಾರವಾರ ಕೂಗಾಡುವ ನಾನು, ಅವಳ ಕೈಗೆ ಮೆಂತ್ಯದ ದುಡ್ಡು ಇಟ್ಟು ಕಳಿಸಿದ್ದೆ.

ದೀಪಾವಳಿ ಬಂತು, ಹೋಯಿತು. ಮೊನ್ನೆ ಕೆಳಗಿನ ಕೆರೆಯ ಏರಿಯ ಮೇಲೆ ಹೋಗಿ ನೋಡಿದೆ. ಸೊಪ್ಪಿನ ಮಡಿಗಳ ಮೇಲೆ ಹಳದಿ ಬಳಿದ ಸೈಟು ಕಲ್ಲುಗಳು ಎದ್ದಿವೆ. ಬಾವಿಗೆ ಮಣ್ಣು ಹೊಡೆಯಲು ಟ್ರ್ಯಾಕ್ಟರ್ ನಿಂತಿದೆ. ಪಕ್ಕದಲ್ಲಿ ಬೋರ್ಡು: 'ಅಚ್ಚುಕಟ್ಟಾದ ನಿವೇಶನಗಳು ದೊರೆಯುತ್ತವೆ.' ಮುಂದಿನ ಹಿಂಗಾರಿನಲ್ಲಿ ಕೊಲ್ಲಿಯಿಂದ ಹೊರಟ ಮೋಡ ತಪ್ಪದೆ ಬರುತ್ತದೆ. ಅದರ ಕೆಲಸ ಅದು ಬಿಟ್ಟಿಲ್ಲ.

ಪಿಳ್ಳಮ್ಮ ಏರಿಯ ಕಲ್ಲಿನ ಮೇಲೆ ಕೂತು ಟ್ರ್ಯಾಕ್ಟರ್ ನೋಡುತ್ತಿದ್ದಳು. ನನ್ನನ್ನು ಕಂಡು ಎದ್ದಳು. "ಅರ್ಜಿ ಏನಾತು ಸಾಮಿ?"

"ಆಗ್ಲಿಲ್ಲ ಪಿಳ್ಳಮ್ಮ" ಎಂದೆ.

ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದಳು:

"ಮೊದಲ್ನೇದ್ರಷ್ಟು ಚೆಂದಾಗಿ ಬರೀಲಿಲ್ವಾ ಸಾಮಿ?"